ಔಷಧಪರೀಕ್ಷೆಯಲ್ಲಿ ಪ್ರಾಣಿಹಿಂಸೆ: ‘ಕಲ್ಯಾಣಕಾರಕ’ದ ಬೆಳಕಿನಲ್ಲಿ ಒಂದು ವಿಚಾರ

ಹೊಸ ಔಷಧವನ್ನು ರೋಗಿಗೆ ಕೊಡುವ ಮುನ್ನ ಇಲಿ, ಮೊಲ, ನಾಯಿ, ಕೋತಿ ಮೊದಲಾದ ಜೀವಿಗಳ ಮೇಲೆ ಪ್ರಯೋಗಿಸಿ ನೋಡುವ ಪದ್ಧತಿ ಆಧುನಿಕ ವೈದ್ಯವಿಜ್ಞಾನದ ಅಂಗವಾಗಿದೆ. ಅಣುವ್ರತಿಯಾದ ಶ್ರಾವಕನು ಇದನ್ನು ಹೇಗೆ ಕಾಣಬೇಕು, ಹೀಗೆ ಸಿದ್ಧವಾದ ಔಷಧವನ್ನು ಸೇವಿಸಿದಾಗ ಅವನಿಗೆ ದೋಷವು ಎಷ್ಟರಮಟ್ಟಿಗೆ ತಗಲುತ್ತದೆ ಎಂಬ ಪ್ರಶ್ನೆಗಳಿಗೆ ನಮ್ಮ ಪ್ರಾಚೀನ ಗ್ರಂಥಗಳಲ್ಲಿ ನೇರವಾದ ಉತ್ತರವಿಲ್ಲ. ಅಂತಹ ಪ್ರಯೋಗಶಾಲೆಗಳು ಆಗ ಇರಲಿಲ್ಲ. ಆದರೆ ಉತ್ತರವನ್ನು ಅರಸುವ ಕ್ರಮವು ಅವುಗಳಲ್ಲಿ ಸ್ಪಷ್ಟವಾಗಿದೆ. ಆ ಕ್ರಮವನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಪ್ರಾಣಿಯನ್ನು ಪರೀಕ್ಷೆಯ ಸಾಧನವನ್ನಾಗಿ ಮಾಡಿಕೊಂಡವರಲ್ಲಿ ಆಧುನಿಕರು ಮೊದಲಿಗರಲ್ಲ. ಅರಸನ ಆಹಾರವನ್ನು ಮೊದಲು ಅಗ್ನಿಗೂ ಪಕ್ಷಿಗಳಿಗೂ ಅರ್ಪಿಸಬೇಕೆಂದು ಕೌಟಿಲ್ಯನ ‘ಅರ್ಥಶಾಸ್ತ್ರ’ ವಿಧಿಸುತ್ತದೆ. ‘ಸುಶ್ರುತಸಂಹಿತೆ’ಯ ಕಲ್ಪಸ್ಥಾನದಲ್ಲಿ ವಿಷಾನ್ನದ ಪರೀಕ್ಷೆ ಇನ್ನೂ ವಿಸ್ತಾರವಾಗಿದೆ: ಬಲಿಯಾಗಿ ಇಟ್ಟ ಅನ್ನವನ್ನು ತಿಂದು ನೊಣ, ಕಾಗೆಗಳು ಸಾಯುವುದು, ಚಕೋರದ ಕಣ್ಣಿನ ಬಣ್ಣ ಕೆಡುವುದು, ಗಿಳಿ, ಸಾರಿಕೆಗಳು ಕಿರಿಚುವುದು ಮೊದಲಾದ ಲಕ್ಷಣಗಳನ್ನು ಅಲ್ಲಿ ಎಣಿಸಿದೆ. ಅರಸನ ಪ್ರಾಣ ಉಳಿಯಲೆಂದು ಹಕ್ಕಿಯ ಪ್ರಾಣವನ್ನು ಪಣಕ್ಕಿಡುವ ಈ ನ್ಯಾಯವೇ ಇಂದಿನ ಪ್ರಯೋಗಶಾಲೆಯ ನ್ಯಾಯಕ್ಕೂ ಮೂಲದಲ್ಲಿದೆ.

ಇಂತಹ ವೈದ್ಯಪರಂಪರೆಯ ನಡುವೆ ಜೈನಾಚಾರ್ಯರು ಬೇರೊಂದು ದಾರಿಯನ್ನು ತೆರೆದರು. ಹನ್ನೆರಡನೆಯ ಪೂರ್ವವಾದ ಪ್ರಾಣಾವಾಯವನ್ನು ವೈದ್ಯದ ಮೂಲವೆಂದು ಭಾವಿಸಿದ ಈ ಪರಂಪರೆಯಲ್ಲಿ ಉಗ್ರಾದಿತ್ಯಾಚಾರ್ಯರ ಸಂಸ್ಕೃತ ‘ಕಲ್ಯಾಣಕಾರಕ’ ಪ್ರಮುಖವಾದುದು. ಶ್ರೀನಂದಿ ಆಚಾರ್ಯರ ಶಿಷ್ಯರಾದ ಇವರು ರಾಮಗಿರಿಯಲ್ಲಿ ಗ್ರಂಥವನ್ನು ರಚಿಸಿದರು. ಇಪ್ಪತ್ತೈದು ಪರಿಚ್ಛೇದಗಳ ಅನಂತರ ರಿಷ್ಟಾಧ್ಯಾಯ, ಹಿತಾಹಿತಾಧ್ಯಾಯಗಳೆಂಬ ಎರಡು ಪರಿಶಿಷ್ಟಗಳಿವೆ. ಸೊಲ್ಲಾಪುರದಿಂದ 1940ರಲ್ಲಿ ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದನೆಯಲ್ಲಿ ಹಿಂದಿ ಅನುವಾದದೊಡನೆ ಪ್ರಕಟವಾದ ಮೇಲೆ ಈ ಕೃತಿ ವಿದ್ವಾಂಸರ ಕೈಗೆ ಸುಲಭವಾಗಿ ದೊರೆಯುವಂತಾಯಿತು. ನೃಪತುಂಗವಲ್ಲಭ ಮಹಾರಾಜನ ಸಭೆಯಲ್ಲಿ, ಅನೇಕ ವಿದ್ವಾಂಸರೂ ವೈದ್ಯರೂ ನೆರೆದಿದ್ದಾಗ, ಮಾಂಸವು ಔಷಧವಾಗಲಾರದೆಂದು ಆಚಾರ್ಯರು ಪ್ರತಿಪಾದಿಸಿದ ಸಂಗತಿ ಹಿತಾಹಿತಾಧ್ಯಾಯಕ್ಕೆ ಸಂಬಂಧಿಸಿದುದು. ಈ ನೃಪತುಂಗನನ್ನು 814ರಿಂದ 878ರ ವರೆಗೆ ಆಳಿದ ರಾಷ್ಟ್ರಕೂಟ ಚಕ್ರವರ್ತಿ ಒಂದನೆಯ ಅಮೋಘವರ್ಷನೆಂದು ಗುರುತಿಸಲಾಗಿದೆ.

ಆಚಾರ್ಯರ ಕ್ರಮದಲ್ಲಿ ಒಂದು ವಿಶೇಷವಿದೆ. ಮಾಂಸ, ಮದ್ಯ, ಮಧುಗಳ ಸೇವನೆ ಪಾಪವೆಂದಷ್ಟೇ ಹೇಳಿ ಅವರು ಸುಮ್ಮನಾಗಲಿಲ್ಲ. ಹಾಗೆ ಹೇಳಿದ್ದರೆ ಪ್ರತಿವಾದಿಯಾದ ವೈದ್ಯನು “ನಿಮ್ಮ ಧರ್ಮ ನಿಮಗಿರಲಿ, ರೋಗಿ ಬದುಕಬೇಕಲ್ಲವೆ?” ಎಂದು ಕೇಳಬಹುದಿತ್ತು. ಆ ಪ್ರಶ್ನೆಗೆ ಉತ್ತರವಾಗಿ ಅವುಗಳನ್ನು ಬಿಟ್ಟ ಒಂದು ಸಮಗ್ರ ಚಿಕಿತ್ಸಾಶಾಸ್ತ್ರವನ್ನೇ ಅವರು ಮುಂದಿಟ್ಟರು. ಪೂಜ್ಯಪಾದರ ವೈದ್ಯಗ್ರಂಥವನ್ನು ಅನುಸರಿಸಿ ಹನ್ನೆರಡನೆಯ ಶತಮಾನದಲ್ಲಿ ಕನ್ನಡ ಕಲ್ಯಾಣಕಾರಕವನ್ನು ಬರೆದ ಜಗದ್ದಳ ಸೋಮನಾಥನೂ ಇದೇ ಮಾರ್ಗದವನು. ಅದೇ ಶತಮಾನದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದು ಪಶುವನ್ನೇ ರೋಗಿಯಾಗಿ ಕಂಡನು. ಹಿಂಸೆಯನ್ನು ನಿಷೇಧಿಸುವವನು ಅದರ ಸ್ಥಾನದಲ್ಲಿ ನಿಲ್ಲಬಲ್ಲ ಉಪಾಯವನ್ನೂ ಕೊಡಬೇಕು ಎಂಬುದು ಈ ಪರಂಪರೆಯಿಂದ ನಾವು ತಿಳಿಯಬೇಕಾದ ಮುಖ್ಯಾಂಶ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಉಗ್ರಾದಿತ್ಯಾಚಾರ್ಯರ ವಾದವು ಔಷಧದ್ರವ್ಯವನ್ನು ಕುರಿತದ್ದು, ಔಷಧಪರೀಕ್ಷೆಯನ್ನು ಕುರಿತದ್ದಲ್ಲ. ದ್ರವ್ಯದಲ್ಲಿ ಪ್ರಾಣಿಯ ಅಂಶವಿದ್ದರೆ ಅದು ರೋಗಿಯ ದೇಹವನ್ನು ಸೇರುತ್ತದೆ. ಪರೀಕ್ಷೆಯಲ್ಲಾದರೋ ಪ್ರಾಣಿಯಿಂದ ಬರುವುದು ಜ್ಞಾನಮಾತ್ರ. ಆದ್ದರಿಂದ ಆಚಾರ್ಯರ ನಿಷೇಧವನ್ನು ಪರೀಕ್ಷೆಗೂ ಹಾಗೆಯೇ ಅನ್ವಯಿಸುವುದು ಗ್ರಂಥಕ್ಕೆ ನ್ಯಾಯವಾಗದು. ಪರೀಕ್ಷೆಯ ವಿಚಾರಕ್ಕೆ ಶ್ರಾವಕಾಚಾರ ಗ್ರಂಥಗಳನ್ನು ನೋಡಬೇಕು.

ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮಂಡಿಸುವುದು ಯುಕ್ತ. 1921ರಲ್ಲಿ ಟೊರಾಂಟೊ ನಗರದಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಇನ್ಸುಲಿನ್ ದೊರೆಯಿತು. ಮಧುಮೇಹದಿಂದ ಸಾಯುತ್ತಿದ್ದ ಮಕ್ಕಳು ಬದುಕಿದರು. 1937ರಲ್ಲಿ ಅಮೆರಿಕದಲ್ಲಿ ಸುರಕ್ಷತೆಯನ್ನು ಪರೀಕ್ಷಿಸದೆಯೇ ಮಾರಿದ ಒಂದು ಸಲ್ಫಾ ಔಷಧದ್ರಾವಣದಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಮಾರಾಟಕ್ಕೆ ಮುನ್ನ ಔಷಧದ ಸುರಕ್ಷತೆಯನ್ನು ತೋರಿಸಬೇಕೆಂಬ ಕಾನೂನು ಅಲ್ಲಿ 1938ರಲ್ಲಿ ಬಂದುದು ಈ ದುರಂತದಿಂದ. ಮನುಷ್ಯರ ಮೇಲಿನ ಪ್ರಯೋಗಕ್ಕೆ ಪ್ರಾಣಿಪ್ರಯೋಗದ ಫಲಿತಾಂಶವು ಆಧಾರವಾಗಿರಬೇಕೆಂದು 1947ರ ನ್ಯೂರೆಂಬರ್ಗ್ ಸಂಹಿತೆಯೂ ಹೇಳಿತು. ಕೆಲವು ಪ್ರಾಣಿಗಳ ನೋವಿನಿಂದ ಅಸಂಖ್ಯಾತ ಜನರ ರಕ್ಷಣೆಯಾಗುವುದಾದರೆ ಅದು ಕರುಣೆಯೇ ಅಲ್ಲವೆ ಎಂಬುದು ಈ ಪಕ್ಷದ ಸಾರ.

ಅಮೃತಚಂದ್ರಾಚಾರ್ಯರ ‘ಪುರುಷಾರ್ಥಸಿದ್ಧ್ಯುಪಾಯ’ವನ್ನು ಬಲ್ಲವರಿಗೆ ಈ ವಾದ ಹೊಸದಲ್ಲ. ಹಿಂಸೆಯನ್ನು ಸಮರ್ಥಿಸುವ ನೆಪಗಳನ್ನು ಒಂದೊಂದಾಗಿ ಎತ್ತಿಕೊಂಡು ಖಂಡಿಸುವಾಗ, ಒಂದು ಹಿಂಸ್ರಪ್ರಾಣಿಯನ್ನು ಕೊಂದರೆ ಬಹುಜೀವಗಳ ರಕ್ಷಣೆಯಾಗುತ್ತದೆಂಬ ಮತವನ್ನೂ ಅವರು ನಿರಾಕರಿಸಿದ್ದಾರೆ. ಅನೇಕ ಜೀವಗಳನ್ನು ತಿನ್ನುವ ಕ್ರೂರಮೃಗದ ವಧೆಗೇ ಈ ನೆಪ ಸಲ್ಲದೆಂದ ಮೇಲೆ, ಯಾರಿಗೂ ಅಪಕಾರ ಮಾಡದ ಮೊಲಕ್ಕೆ ಅದು ಸಲ್ಲುವುದು ಹೇಗೆ? ಇದನ್ನು ವಿರೋಧೀ ಹಿಂಸೆ ಎನ್ನಲೂ ಬರುವುದಿಲ್ಲ. ಶತ್ರುವಾದುದು ರೋಗವೇ ಹೊರತು ಮೊಲವಲ್ಲ.

ಹಾಗಾದರೆ ಇದು ಗೃಹಸ್ಥನಿಗೆ ಅನಿವಾರ್ಯವಾದ ಉದ್ಯೋಗೀ ಹಿಂಸೆಯಲ್ಲಿ ಸೇರುವುದೇ ಎಂಬ ಶಂಕೆ ಉಳಿಯುತ್ತದೆ. ಇದಕ್ಕೆ 959ರಲ್ಲಿ ರಚಿತವಾದ ಸೋಮದೇವಸೂರಿಗಳ ‘ಯಶಸ್ತಿಲಕ’ದ ದೃಷ್ಟಾಂತವು ಸಹಾಯಕ. ಬಲೆ ಬೀಸಿದ ಬೆಸ್ತನಿಗೆ ಮೀನು ಸಿಗದಿದ್ದರೂ ಪಾಪವುಂಟು. ಉಳುವ ರೈತನಿಂದ ಜೀವಗಳು ಸತ್ತರೂ ಅವನಿಗೆ ಅಂತಹ ಪಾಪವಿಲ್ಲ. ಏಕೆಂದರೆ ಸಂಕಲ್ಪ ಬೇರೆ. ಪ್ರಯೋಗಶಾಲೆಯ ವಿಜ್ಞಾನಿ ಇವರಲ್ಲಿ ಯಾರನ್ನು ಹೋಲುತ್ತಾನೆ? ರೋಗನಿವಾರಣೆಯೇ ಅವನ ಅಂತಿಮ ಉದ್ದೇಶವೆಂಬುದು ನಿಜ. ಆದರೆ 1927ರಲ್ಲಿ ಟ್ರೆವನ್ ಎಂಬ ವಿಜ್ಞಾನಿ ರೂಪಿಸಿದ ಪರೀಕ್ಷೆಯನ್ನು ನೋಡಿ: ಒಂದು ಗುಂಪಿನ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವೆಷ್ಟು ಎಂಬುದೇ ಅಲ್ಲಿ ಅಳೆಯಬೇಕಾದ ವಿಷಯ. ರೈತನ ನೇಗಿಲಿಗೆ ಹುಳು ಆಕಸ್ಮಿಕವಾಗಿ ಸಿಗುತ್ತದೆ. ಹುಳು ಇಲ್ಲದ ನೆಲವನ್ನೂ ಅವನು ಉಳುತ್ತಾನೆ. ಇಲ್ಲಿ ಸಾವು ಸಂಭವಿಸದಿದ್ದರೆ ಪರೀಕ್ಷೆಯೇ ಪೂರ್ಣವಾಗದು. ಆದ್ದರಿಂದ ಇಂತಹ ಪರೀಕ್ಷೆಯು ಸಂಕಲ್ಪಹಿಂಸೆಯ ವರ್ಗಕ್ಕೇ ಸೇರುತ್ತದೆಂದು ನನ್ನ ಅಭಿಪ್ರಾಯ. ಈ ಪರೀಕ್ಷೆಯ ಮೂಲರೂಪವನ್ನು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು 2002ರಲ್ಲಿ ತನ್ನ ಮಾರ್ಗಸೂಚಿಗಳಿಂದ ತೆಗೆದುಹಾಕಿದ್ದು ಗಮನಾರ್ಹ.

ಪ್ರಾಣಿಯ ಬದಲು ಪ್ರತಿಕೃತಿಯನ್ನು ಬಳಸುವುದು ನಿರ್ದೋಷವೇ ಎಂದು ಕೆಲವರು ಕೇಳುವುದುಂಟು. ಯಶೋಧರನ ಕಥೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟದ್ದಕ್ಕೇ ತಾಯಿಮಕ್ಕಳು ಭವಭವಗಳಲ್ಲಿ ತೊಳಲಿದರಲ್ಲ ಎಂಬುದು ಅವರ ಆಧಾರ. ಜನ್ನನ ಕಾವ್ಯದಿಂದ ಕನ್ನಡಿಗರಿಗೆ ಚಿರಪರಿಚಿತವಾದ ಆ ಪ್ರಸಂಗದಲ್ಲಿ ಕೋಳಿ ಕೃತಕ, ಆದರೆ ಕೊಲ್ಲುವ ಭಾವ ಕೃತಕವಲ್ಲ. ಪ್ರಯೋಗಶಾಲೆಯಲ್ಲಿ ಜೀವಕೋಶಗಳನ್ನೋ ಗಣಕಯಂತ್ರವನ್ನೋ ಬಳಸುವವನ ಭಾವ ಇದಕ್ಕೆ ವಿಪರೀತ; ಅವನು ಕೊಲೆಯನ್ನು ತಪ್ಪಿಸಲೆಂದೇ ಪ್ರತಿಕೃತಿಯನ್ನು ಮಾಡುತ್ತಾನೆ. ಸಂಕಲ್ಪವೇ ಪ್ರಮಾಣವಾದ್ದರಿಂದ ಆ ಕಥೆ ಇಲ್ಲಿ ಬಾಧಕವಲ್ಲ, ಸಾಧಕವೇ ಆಗಿದೆ.

ಲೋಕವ್ಯವಹಾರವೂ ನಿಧಾನವಾಗಿ ಇದೇ ದಿಕ್ಕಿಗೆ ತಿರುಗಿದೆ. ಪ್ರಾಣಿಗಳ ಸ್ಥಾನದಲ್ಲಿ ಬೇರೆ ಉಪಾಯ, ಸಂಖ್ಯೆಯಲ್ಲಿ ಇಳಿಕೆ, ನೋವು ತಗ್ಗುವಂತೆ ವಿಧಾನದ ಪರಿಷ್ಕಾರ ಎಂಬ ಮೂರು ಸೂತ್ರಗಳನ್ನು ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲೆಂಡಿನ ವಿದ್ವಾಂಸರು 1959ರಲ್ಲಿ ಮುಂದಿಟ್ಟರು. ನಮ್ಮ ದೇಶದಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಬಂದ ಪ್ರಾಣಿಹಿಂಸಾ ನಿವಾರಣ ಕಾಯಿದೆಯು ಜ್ಞಾನಾರ್ಜನೆ ಮತ್ತು ರೋಗಶಮನಕ್ಕಾಗಿ ನಡೆಸುವ ಪ್ರಯೋಗವನ್ನು ನಿಷೇಧಿಸಲಿಲ್ಲ. ಸಾಧ್ಯವಿರುವೆಡೆಯಲ್ಲೆಲ್ಲ ಅದನ್ನು ತಪ್ಪಿಸುವಂತೆ ನೋಡಿಕೊಳ್ಳಬೇಕೆಂದು ಹೇಳಿತು. ವೈದ್ಯಕೀಯ ಸಂಶೋಧನೆಗೆಂದು ಒಯ್ದ ರೀಸಸ್ ಕೋತಿಗಳನ್ನು ಅಮೆರಿಕದಲ್ಲಿ ಸೈನಿಕ ಉದ್ದೇಶದ ವಿಕಿರಣ ಪ್ರಯೋಗಗಳಿಗೆ ಬಳಸಿದ್ದು ಬಯಲಾದಾಗ, ಮೊರಾರ್ಜಿ ದೇಸಾಯಿಯವರ ಸರ್ಕಾರ 1978ರಿಂದ ಅವುಗಳ ರಫ್ತನ್ನೇ ನಿಲ್ಲಿಸಿತು. 2014ರಲ್ಲಿ ಸೌಂದರ್ಯಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು ಭಾರತದಲ್ಲಿ ನಿಷಿದ್ಧವಾಯಿತು. 2023ರಲ್ಲಿ ತಿದ್ದುಪಡಿಯಾದ ಔಷಧನಿಯಮಗಳು ಜೀವಕೋಶಾಧಾರಿತ ಮತ್ತು ಗಣಕಾಧಾರಿತ ಪರೀಕ್ಷೆಗಳಿಗೆ ಅವಕಾಶ ಕೊಟ್ಟಿವೆ. ದ್ರವ್ಯದ ವಿಷಯದಲ್ಲಿಯೂ ಹೀಗೆಯೇ: ಮೊದಲು ದನ, ಹಂದಿಗಳ ಗ್ರಂಥಿಯಿಂದ ತೆಗೆಯುತ್ತಿದ್ದ ಇನ್ಸುಲಿನ್ 1982ರಿಂದ ಸೂಕ್ಷ್ಮಜೀವಿಗಳ ಮೂಲಕ ತಯಾರಾಗಿ ಬಳಕೆಗೆ ಬಂತು. ಏಕೇಂದ್ರಿಯ ಜೀವಗಳ ಹಿಂಸೆ ಇಲ್ಲಿಯೂ ಉಂಟು; ಆದರೆ ಅಣುವ್ರತದಲ್ಲಿ ತ್ಯಾಜ್ಯವೆಂದು ಹೇಳಿರುವ ತ್ರಸಹಿಂಸೆ ತಪ್ಪಿತು.

ಇನ್ನು ಔಷಧಸೇವನೆಯ ಪ್ರಶ್ನೆ. ಸಂಕಲ್ಪಪೂರ್ವಕವಾದ ತ್ರಸಹಿಂಸೆಯನ್ನು ಕೃತ, ಕಾರಿತ, ಅನುಮತಗಳಿಂದ ಮನೋವಾಕ್ಕಾಯಗಳಲ್ಲಿ ಬಿಡುವುದು ಅಹಿಂಸಾಣುವ್ರತವೆಂದು ಸಮಂತಭದ್ರಾಚಾರ್ಯರು ‘ರತ್ನಕರಂಡಕ’ದಲ್ಲಿ ಲಕ್ಷಣ ಹೇಳಿದ್ದಾರೆ. ಹಿಂದೆ ಎಂದೋ ಪರೀಕ್ಷಿತವಾದ ಔಷಧವನ್ನು ಬೇರೆ ಗತಿಯಿಲ್ಲದೆ ಸೇವಿಸುವ ರೋಗಿಯು ಆ ಹಿಂಸೆಯನ್ನು ಮಾಡಿದವನೂ ಅಲ್ಲ, ಮಾಡಿಸಿದವನೂ ಅಲ್ಲ. ಅನುಮೋದನೆಯಾದರೋ ಅವನ ಮನಸ್ಸಿನ ಅಧೀನ. “ಇದು ನ್ಯಾಯವೇ” ಎಂದು ಒಪ್ಪಿದರೆ ಅನುಮೋದನೆಯಾಯಿತು. ಆಲೋಚನಾಪೂರ್ವಕವಾಗಿ ನೊಂದು, ನಿರ್ದೋಷವಾದ ಬೇರೆ ಔಷಧ ದೊರೆತಾಗ ಅದನ್ನೇ ಆರಿಸಿಕೊಂಡರೆ ದೋಷ ಅಲ್ಪವಾಗುತ್ತದೆ. ಔಷಧವನ್ನೇ ತೊರೆದು ಆರ್ತಧ್ಯಾನಕ್ಕೆ ಒಳಗಾಗೆಂದು ಗೃಹಸ್ಥನಿಗೆ ಉಪದೇಶಿಸುವುದು ಸರಿಯೆನಿಸದು. ಆದರೆ ಬೇರೆ ಗತಿಯಿಲ್ಲದಿರುವುದು ಹಿಂಸೆಯನ್ನು ಅಹಿಂಸೆಯನ್ನಾಗಿ ಮಾಡುವುದಿಲ್ಲ ಎಂಬುದನ್ನು ಮರೆಯಬಾರದು.

ಶ್ರೀಮಂತ ಶ್ರಾವಕರೂ ನಮ್ಮ ಸಂಸ್ಥೆಗಳೂ ಉಗ್ರಾದಿತ್ಯಾಚಾರ್ಯರ ಕ್ರಮವನ್ನು ಅನುಸರಿಸುವುದಾದರೆ, ಪ್ರಾಣಿರಹಿತ ಪರೀಕ್ಷಾವಿಧಾನಗಳ ಸಂಶೋಧನೆಗೆ ನೆರವಾಗುವುದನ್ನು ಔಷಧದಾನ, ಅಭಯದಾನಗಳೆರಡೂ ಕೂಡಿದ ದಾನವೆಂದು ಭಾವಿಸಬೇಕು. ಭಂಡಾರಗಳಲ್ಲಿರುವ ಜೈನವೈದ್ಯದ ಓಲೆಗರಿಗಳನ್ನು ಪಾಠಾಂತರಸಹಿತವಾಗಿ ಪರಿಶೋಧಿಸುವುದು ನಮ್ಮಂತಹವರ ಪಾಲಿನ ಕೆಲಸ. ಪರೀಕ್ಷೆಯನ್ನು ಸಂಕಲ್ಪಹಿಂಸೆಯಲ್ಲಿ ಸೇರಿಸಿದ ನನ್ನ ನಿರ್ಣಯಕ್ಕೆ ಬಾಧಕವಾಗುವ ಆಗಮಪ್ರಮಾಣವೇನಾದರೂ ಇದ್ದಲ್ಲಿ ವಿದ್ವಾಂಸರು ಈ ಪತ್ರಿಕೆಯಲ್ಲಿಯೇ ಚರ್ಚಿಸಬೇಕಾಗಿ ವಿನಂತಿ.