15 ರೂಪಾಯಿ ಪಹಣಿಯ ಹಿಂದಿನ ಪೆಟ್ಟಿಗೆ

1990ರ ದಶಕದಲ್ಲಿ ನೆಲಮಂಗಲದ ರೈತನಿಗೆ ಬೆಳೆ ಸಾಲ ಬೇಕಾದರೆ ಮೊದಲು ಗ್ರಾಮ ಲೆಕ್ಕಿಗರನ್ನು ಹುಡುಕಬೇಕಿತ್ತು. ಸಾಲಕ್ಕೆ ಬೇಕಾದ ಜಮೀನಿನ ದಾಖಲೆ, ಅಂದರೆ ಪಹಣಿಯ ಪುಸ್ತಕ ಇರುತ್ತಿದ್ದುದು ಅವರ ಬಳಿ. ಮೂರ್ನಾಲ್ಕು ಹಳ್ಳಿ ಸುತ್ತುವ ಅವರು ಕೈಗೆ ಸಿಕ್ಕರೂ, ಕೈ ಬೆಚ್ಚಗೆ ಮಾಡದೆ ನಕಲು ಸಿಗುವುದು ಕಷ್ಟವಿತ್ತು.

ಪಹಣಿಯನ್ನು ಕಂಪ್ಯೂಟರಿಗೆ ಏರಿಸುವ ಯೋಜನೆ 1996ರ ಹೊತ್ತಿಗೇ ಎಲ್ಲ ಜಿಲ್ಲೆಗಳಿಗೂ ಮಂಜೂರಾಗಿತ್ತು. ಆದರೆ ತಿದ್ದುಪಡಿ ನಡೆಯುವ ತಾಲ್ಲೂಕು ಕಚೇರಿಗೆ ಯಂತ್ರ ಕೊಡುವ ಮಾತೇ ಅದರಲ್ಲಿರಲಿಲ್ಲ. ಯೋಜನೆ ಕೈಗೂಡಲಿಲ್ಲ.

ಕಂದಾಯ ಇಲಾಖೆಯ 'ಭೂಮಿ' ಯೋಜನೆ ಈ ತಪ್ಪನ್ನು ತಿದ್ದಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅದರ ಮುಂದಾಳು, ತಂತ್ರಾಂಶ ಕೇಂದ್ರ ಸರ್ಕಾರದ ಎನ್‌ಐಸಿಯದು. ತಾಲ್ಲೂಕು ಕಚೇರಿಗೇ ಯಂತ್ರ ಬಂತು: ಹೊಸಕೋಟೆಯ ಪಹಣಿ ಹೊಸಕೋಟೆಯ ಸರ್ವರಿನಲ್ಲಿ, ದೊಡ್ಡಬಳ್ಳಾಪುರದ್ದು ದೊಡ್ಡಬಳ್ಳಾಪುರದಲ್ಲಿ.

ಪಹಣಿ ಕೊಡುವ ಕೌಂಟರಿನಲ್ಲಿ ರೈತನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆಯಿತ್ತು. ಒಳಗೆ ಕೂತವರು ಏನು ಮಾಡುತ್ತಿದ್ದಾರೆಂಬುದನ್ನು ಆತ ನಿಂತಲ್ಲೇ ನೋಡಬಹುದಿತ್ತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ತಂತ್ರಾಂಶದೊಳಗೆ ಹೋಗಬೇಕಿತ್ತು. ಯಾರು ತಿದ್ದಿದರೆಂಬುದನ್ನು ಮರೆಮಾಚುವಂತಿರಲಿಲ್ಲ. ಇಡೀ ಯೋಜನೆಯಲ್ಲಿ ಹೆಚ್ಚು ಗೌರವಕ್ಕೆ ಅರ್ಹವಾದದ್ದು ಆ ಎರಡನೆಯ ಪರದೆ.

ಖರ್ಚಿನ ಲೆಕ್ಕವೂ ಅಷ್ಟೇ ಸ್ವಾರಸ್ಯದ್ದು. ಯಂತ್ರ, ಕೋಣೆ, ಕೌಂಟರು ಸೇರಿ ಪಹಣಿ ಕೊಡುವ ಒಂದು ಕೇಂದ್ರಕ್ಕೆ ತಗುಲಿದ್ದು ಸುಮಾರು 6.4 ಲಕ್ಷ ರೂಪಾಯಿ. ಯಂತ್ರ 5 ವರ್ಷ ಬಾಳುತ್ತದೆ, 200 ಕೇಂದ್ರಗಳಿಂದ ವರ್ಷಕ್ಕೆ 25 ಲಕ್ಷ ಪಹಣಿ ಹೋಗುತ್ತವೆ ಎಂದು ಹಿಡಿದರೆ ಒಂದು ಪ್ರತಿಗೆ ಬೀಳುವ ಖರ್ಚು ಸುಮಾರು 13 ರೂಪಾಯಿ. ರೈತ ಕೊಡುತ್ತಿದ್ದ ಶುಲ್ಕ 15. ಆ 13ರಲ್ಲಿ ಹತ್ತು ರೂಪಾಯಿಗೂ ಹೆಚ್ಚು ಈ 6.4 ಲಕ್ಷದ್ದೇ ಪಾಲು. ಅದೇ ಬಂಡವಾಳವನ್ನು ಮೂರೇ ವರ್ಷಕ್ಕೆ ಹಂಚಿದರೆ ಪ್ರತಿಗೆ 17 ರೂಪಾಯಿ ದಾಟುತ್ತದೆ, ಶುಲ್ಕದಲ್ಲಿ ಗಿಟ್ಟುವುದಿಲ್ಲ. ಅಗ್ಗವೋ ದುಬಾರಿಯೋ ಎಂಬುದನ್ನು ತೀರ್ಮಾನಿಸಿದ್ದು ಕೊಂಡ ಬೆಲೆಗಿಂತ ಹೆಚ್ಚಾಗಿ ಯಂತ್ರದ ಆಯಸ್ಸು. ಮನೆಯಲ್ಲೊಂದು ಸರ್ವರ್ ಇಡಹೊರಟ ಇಂದಿನವರೂ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಸರ್ವರ್ ಎಂಬ ಈ ಪೆಟ್ಟಿಗೆಯೊಳಗಿನ ಸರಕಿಗೆ ಬೇರೆ ಬೆಲೆ. ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲು ಸುಮಾರು 8 ಕೋಟಿ ರೂಪಾಯಿ ಹಿಡಿಯಿತು, ಒಂದಕ್ಕೆ 4 ರೂಪಾಯಿಯಂತೆ. ಕೆಟ್ಟ ಸರ್ವರಿಗೆ ಬದಲಿ ತರಬಹುದು. ಕೈಬರಹದ ಪಹಣಿಯ ಮಾನ್ಯತೆಯನ್ನೇ ತೆಗೆದುಹಾಕಿದ ಮೇಲೆ, ಬ್ಯಾಕಪ್ ಇಲ್ಲದೆ ಡಿಸ್ಕ್ ಹಾಳಾದರೆ ರೈತನ ಹಕ್ಕಿಗೇ ಕುತ್ತು.

ಜಾಲಸಂಪರ್ಕ ಗಟ್ಟಿಯಾದ ಮೇಲೆ ತಾಲ್ಲೂಕುಗಳ ದತ್ತಾಂಶ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರ ಸೇರಿತು. ದೇವನಹಳ್ಳಿಯ ಪಹಣಿಯನ್ನು ಈಗ ಸರ್ವೆ ನಂಬರ್ ಒತ್ತಿ ಮೊಬೈಲಿನಲ್ಲೇ ನೋಡಬಹುದು.