1928ರಲ್ಲಿ ಬಾಬಾಸಾಹೇಬರು ಕೇಳಿದ ಬಾಣಂತಿ ಕೂಲಿ ನಮ್ಮ ಹೆಣ್ಮಕ್ಕಳಿಗೆ ಯಾಕೆ ಮುಟ್ಟಲಿಲ್ಲ?



ಸ್ವಲ್ಪ ಉದ್ದ ಬರದೀನಿ. ಪುರುಸೊತ್ತು ಮಾಡ್ಕೊಂಡು ಓದ್ರಿ. ಮನ್ಯಾಗ ಬಸುರಿ ಮಗಳು, ಸೊಸಿ, ತಂಗಿ ಇದ್ದರ ಅವರಿಗೂ ಓದಿ ಹೇಳ್ರಿ.

ಬಾಬಾಸಾಹೇಬರು ಹೆಣ್ಮಕ್ಕಳಿಗೆ ಏನು ಮಾಡಿದರು ಅಂತ ಜಯಂತಿ ದಿವಸ ಕೇಳಿದರೆ ಎಲ್ಲರೂ ಹಿಂದೂ ಕೋಡ್ ಬಿಲ್ ಅಂತಾರೆ. ಖರೇನ. ಆದರೆ ಅದಕ್ಕೂ ಎಷ್ಟೋ ವರ್ಷ ಮೊದಲು, 1928ರ ಜುಲೈ 28ರಂದು, ಮುಂಬೈ ಲೆಜಿಸ್ಲೇಟಿವ್ ಕೌನ್ಸಿಲ್‌ನಲ್ಲಿ ಅವರು ಎದ್ದು ನಿಂತು ಮಾತಾಡಿದ್ದು ಬಾಣಂತಿಯ ಕೂಲಿ ಬಗ್ಗೆ. ಕಾರ್ಖಾನೆಯಲ್ಲಿ ದುಡಿಯುವ ಹೆಣ್ಮಕ್ಕಳಿಗೆ ಹೆರಿಗೆಯ ಮೊದಲು ಮತ್ತು ನಂತರ ವಿಶ್ರಾಂತಿ ಸಿಗಬೇಕು, ಆ ದಿನಗಳಿಗೆ ಹಣವೂ ಸಿಗಬೇಕು ಎಂಬ ಮಸೂದೆ ಅದು.

ಅವರ ವಾದ ಸರಳ ಇತ್ತು. ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ದೇಶದ ಹಿತ, ಹಾಗಾಗಿ ಈ ಖರ್ಚಿನ ದೊಡ್ಡ ಪಾಲು ಸರ್ಕಾರ ಹೊರಬೇಕು. ಹಂಗಂತ ಮಾಲೀಕ ಕೈ ತೊಳೆದುಕೊಳ್ಳುವಂತಿಲ್ಲ, ಯಾಕಂದ್ರೆ ಹೆಣ್ಣಾಳಿನ ದುಡಿಮೆಯಿಂದ ಅವನಿಗೂ ಲಾಭ ಐತಿ. ಈ ವಾದದಲ್ಲಿ ಕರುಣೆ, ದಾನ, ಉಪಕಾರ ಅನ್ನೋ ಮಾತಿಗೆ ಜಾಗ ಇಲ್ಲ. ದುಡಿಯುವವಳ ಹಕ್ಕಿನ ಲೆಕ್ಕ ಇದು.

1929ರಲ್ಲಿ ಮುಂಬೈ ಹೆರಿಗೆ ಭತ್ಯೆ ಕಾಯ್ದೆ ಬಂತು. ಈ ಥರದ ಕಾಯ್ದೆ ಭಾರತದಲ್ಲಿ ಅದೇ ಮೊದಲು. ದಿನಕ್ಕೆ 8 ಆಣೆ, ಮಾಲೀಕನೇ ಕೊಡಬೇಕು.

ಇದು ಮುಂಬೈದ ಕಥಿ, ನಮಗೇನು ಸಂಬಂಧ ಅಂತ ಕೇಳಬ್ಯಾಡ್ರಿ. ಬಾಗಲಕೋಟೆ, ಬಾದಾಮಿ, ಹುನಗುಂದ ಆಗ ಬಿಜಾಪುರ ಜಿಲ್ಲೆಯಲ್ಲಿದ್ದವು. ಬಿಜಾಪುರ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ. ಬಾಗಲಕೋಟೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಅಂದರೆ ಆ ಕೌನ್ಸಿಲ್ ಮಾಡಿದ ಕಾನೂನು ನಮ್ಮ ನೆಲಕ್ಕೂ ಕಾನೂನು. ಪಕ್ಕದ ಮುಧೋಳ, ಜಮಖಂಡಿ ಮಾತ್ರ ರಾಜರ ಸಂಸ್ಥಾನ, ಅಲ್ಲಿಗೆ ಆ ಕಾಯ್ದೆ ದಾಟಲಿಲ್ಲ.

ಆದರೆ ನಮ್ಮ ನೆಲದಲ್ಲಿ ಅದು ಯಾರಿಗೆ ಮುಟ್ಟಿತು? ಕಾಯ್ದೆ ಇದ್ದದ್ದು ಕಾರ್ಖಾನೆಗೆ. ಗೋಕಾಕದಂಥ ಊರಲ್ಲಿ ಹತ್ತಿ ಗಿರಣಿ ಇತ್ತು, ಗೇಟು ಇತ್ತು, ಹಾಜರಿ ಪುಸ್ತಕ ಇತ್ತು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ನೇಯುವ ಮಗ್ಗ ಇರೋದು ಮನೆಯೊಳಗೆ. ಗಂಡ ಮಗ್ಗದಲ್ಲಿ ಕೂತರೆ ಹೆಂಡತಿ ಕಂಡಿಕೆ ಸುತ್ತಬೇಕು, ನೂಲು ಬಿಡಿಸಬೇಕು, ಹಾಸು ಹೂಡಾಕ ಕೈ ಹಚ್ಚಬೇಕು. ಸೀರೆಗೆ ಕೂಲಿ ಬರುತ್ತೆ, ಅವಳ ಹೆಸರಿಗೆ ಬರೋದಿಲ್ಲ. ಹಾಜರಿಯೇ ಇಲ್ಲದವಳಿಗೆ ರಜೆ ಎಲ್ಲಿಂದ? ಹೊಲದ ಕೂಲಿಗೆ ಹೋಗುವ ನಮ್ಮ ಕೇರಿ ಹೆಣ್ಮಕ್ಕಳಂತೂ ಕಾನೂನಿನ ಕಣ್ಣಿಗೇ ಬೀಳಲಿಲ್ಲ. ಕಳೆ ತೆಗೆಯುವಾಗಲೇ ಬ್ಯಾನಿ ಬಂದು ಹೊಲದಾಗ ಹಡೆದವರ ಕಥಿ ನಮ್ಮ ಅಜ್ಜಿಯಂದಿರ ಬಾಯಾಗ ಕೇಳಿಲ್ಲೇನು?

ಬಾಬಾಸಾಹೇಬರು ಮುಂದೆಯೂ ಈ ವಿಷಯ ಬಿಡಲಿಲ್ಲ. 1942ರಲ್ಲಿ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ವಹಿಸಿಕೊಂಡ ಮೇಲೆ, 1943ರಲ್ಲಿ ಗಣಿ ಕಾರ್ಮಿಕ ಹೆಣ್ಮಕ್ಕಳ ಹೆರಿಗೆ ಭತ್ಯೆ ಕಾಯ್ದೆಗೆ ತಿದ್ದುಪಡಿ ತಂದರು. ಆಮೇಲೆ ಸಂವಿಧಾನದ 42ನೇ ವಿಧಿಯಲ್ಲಿ ಹೆರಿಗೆ ಸೌಲಭ್ಯದ ಮಾತು ಬಂತು. 1948ರಲ್ಲಿ ಇಎಸ್‌ಐ ಕಾಯ್ದೆ, 1961ರಲ್ಲಿ ಇಡೀ ದೇಶಕ್ಕೆ ಹೆರಿಗೆ ಸೌಲಭ್ಯ ಕಾಯ್ದೆ ಬಂದವು. ಮೊದಲು 12 ವಾರ ಇದ್ದ ರಜೆ 2017ರಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಆಯಿತು. ಈಗ ಇದೆಲ್ಲ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ.

ಒಂದು ಸಂಗತಿ ಇಳಕಲ್, ಹುನಗುಂದ ಕಡೆಯವರು ನೆನಪಿಡಬೇಕು. ನೆಲ ಅಗೆದು ಕಲ್ಲು ತೆಗೆಯುವ ಜಾಗವೂ ಕಾನೂನಿನ ಪ್ರಕಾರ ಗಣಿ. ಕೆಂಪು ಗ್ರಾನೈಟ್ ತೆಗೆಯುವ ಕ್ವಾರಿಯಲ್ಲಿ ದುಡಿಯುವ ಹೆಣ್ಮಗಳು ಗಣಿ ಕಾರ್ಮಿಕಳೇ. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಇದೆಯೋ ಇಲ್ಲವೋ ಅನ್ನೋದೇ ಅಲ್ಲಿನ ಜಗಳ.

ಇನ್ನೊಂದು, 2000ನೇ ಇಸವಿ ಮಾರ್ಚ್ 8ರಂದು ಸುಪ್ರೀಂ ಕೋರ್ಟು ದೆಹಲಿ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಕೊಟ್ಟ ತೀರ್ಪು. ರಸ್ತೆ ಕೆಲಸಕ್ಕೆ ಬರುವ ದಿನಗೂಲಿ ಹೆಣ್ಮಕ್ಕಳು ಕೇಸ್ ನಡೆಸಿದ್ದರು. ಕಾಯಂ ಇರಲಿ ದಿನಗೂಲಿ ಇರಲಿ, ಹೆರಿಗೆ ಸೌಲಭ್ಯ ಕೊಡಲೇಬೇಕು ಎಂದಿತು ಕೋರ್ಟು. 2023ರಲ್ಲಿ ಮತ್ತೊಂದು ತೀರ್ಪು: ಗುತ್ತಿಗೆ ಅವಧಿ ನಡುವೆ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಸಿಗಬೇಕು.

ಕಾಗದದ ಮ್ಯಾಲ ಇಷ್ಟೆಲ್ಲಾ ಐತಿ. ಕಚೇರಿಯಲ್ಲಿ ಕೂತು ಕೆಲಸ ಮಾಡುವ ನನಗೆ ಕಾಣೋದು ಬೇರೆ. ಒಂದೇ ಕೋಣೆಯಲ್ಲಿ ಇಬ್ಬರು ಹೆಣ್ಮಕ್ಕಳು. ಕಾಯಂ ನೌಕರಿಯವರಿಗೆ 180 ದಿನ ರಜೆ, ಪೂರ್ತಿ ಪಗಾರ. ಹೊರಗುತ್ತಿಗೆಯ ಹುಡುಗಿಗೆ ಏಳನೇ ತಿಂಗಳಲ್ಲಿ ಕುಬಸ ಆಗುತ್ತಲೇ ಏಜೆನ್ಸಿಯವರು, ನೀನಾಗೇ ರಾಜೀನಾಮೆ ಬರೆದುಕೊಡು, ಹಡೆದ ಮ್ಯಾಲ ನೋಡೋಣು, ಅಂತಾರೆ. ಅವಳು ಬರೆದುಕೊಡ್ತಾಳೆ. ನಮ್ಮ ಮನೆಗಳಿಂದ ಬಂದ ಹುಡುಗಿಯರು ಹೆಚ್ಚಾಗಿ ಈ ಎರಡನೇ ಕುರ್ಚಿಯಲ್ಲೇ ಕೂತಿರ್ತಾರೆ. ಪೊರಕೆ ಹಿಡಿದವರ ಪಾಡಂತೂ ಕೇಳಬ್ಯಾಡ್ರಿ.

ಹಂಗಾರ ಹೆರಿಗೆ ಆದಮ್ಯಾಲ ಕೆಲಸ ಬಿಡೋ ತಾಯಿಗೆ ಏನು ಸಿಗುತ್ತೆ? ಕೂಸು ನೋಡಾಕ ಯಾರೂ ಇಲ್ಲ, ತವರುಮನೆ ದೂರ, ಬಿಡದೆ ದಾರಿ ಇಲ್ಲ ಅಂತ ಎಷ್ಟೋ ಮಂದಿ ಬಿಡ್ತಾರೆ. ತಿಳಿದಿರಬೇಕಾದ್ದು ಇಷ್ಟು:

1. ಬಸುರಿ ಇದ್ದಾಗ ಅಥವಾ ರಜೆ ನಡುವೆ ರಾಜೀನಾಮೆ ಬರೆದುಕೊಡಬ್ಯಾಡ್ರಿ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಹಕ್ಕು ಬಂದಂಗೆ. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯೋದು ಕಾನೂನುಬಾಹಿರ. ತೆಗೆದರೆ ಆದೇಶ ಕೈಗೆ ಬಂದ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಕಾರ್ಮಿಕ ಇಲಾಖೆ ಕಚೇರಿಗೆ ಹೋಗ್ರಿ.

2. ಬಿಡೋದೇ ಆದರೆ ರಜೆ ಮುಗಿಸಿ, ಹಣ ತಗೊಂಡು ಬಿಡ್ರಿ. ವಾಪಸ್ ಕೆಲಸಕ್ಕೆ ಬರಲಿಲ್ಲ, ಹೆರಿಗೆ ಹಣ ಹಿಂದಕ್ಕೆ ಕೊಡು ಅನ್ನೋ ನಿಯಮ ಆ ಕಾಯ್ದೆಯಲ್ಲಿ ಇಲ್ಲ.

3. ಪಗಾರದಲ್ಲಿ ಪಿಎಫ್ ಕಡಿತ ಆಗಿದ್ದರೆ ಆ ದುಡ್ಡು ನಿಮ್ಮದು. ಇಎಸ್‌ಐ ಕಡಿತ ಆಗಿದ್ದರೆ ಹೆರಿಗೆ ಹಣ ಕೇಳಬೇಕಾದ್ದು ಇಎಸ್‌ಐ ಕಚೇರಿಯಲ್ಲಿ, ಮಾಲೀಕನ ಮುಂದೆ ಕೈ ಚಾಚಬೇಕಿಲ್ಲ. ಐದು ವರ್ಷ ಸೇವೆ ಆಗಿದ್ದರೆ ಗ್ರಾಚ್ಯುಟಿ ಬರುತ್ತೆ. ಹೆರಿಗೆ ರಜೆಯ ದಿನಗಳೂ ಸೇವೆಯ ಲೆಕ್ಕಕ್ಕೆ ಸೇರುತ್ತವೆ. ಹೊಸ ಸಂಹಿತೆಯಲ್ಲಿ ನಿಗದಿತ ಅವಧಿಯ ನೌಕರರಿಗೆ ಒಂದೇ ವರ್ಷ ಸಾಕು.

4. ಗುಳೆ ಹೋಗಿ ಗೋವಾ, ಮಂಗಳೂರು, ಬೆಂಗಳೂರಲ್ಲಿ ಕಟ್ಟಡ ಕೆಲಸ ಮಾಡುವವರು ಲೇಬರ್ ಕಾರ್ಡ್ ಗಂಡನ ಹೆಸರಿಗಷ್ಟೇ ಮಾಡಿಸಬ್ಯಾಡ್ರಿ. ನಮ್ಮ ರಾಜ್ಯದ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿಯಾದ ಹೆಣ್ಮಕ್ಕಳಿಗೆ ಹೆರಿಗೆ ಸಹಾಯಧನ ಐತಿ.

5. ಇದ್ಯಾವುದೂ ಇಲ್ಲದವರಿಗೆ ಮಾತೃ ವಂದನಾ. ಮೊದಲ ಕೂಸಿಗೆ 5,000 ರೂಪಾಯಿ, ಎರಡನೇದು ಹೆಣ್ಣಾದರೆ 6,000. ಪರಿಶಿಷ್ಟ ಜಾತಿ ಅನ್ನೋದೇ ಅದಕ್ಕೆ ಒಂದು ಅರ್ಹತೆ. ತಾಯಿ ಕಾರ್ಡ್ ಮಾಡಿಸಿ, ಅಂಗನವಾಡಿಯಲ್ಲಿ ಹೆಸರು ಬರೆಸ್ರಿ.

ಈ ಐದನೇದರ ಲೆಕ್ಕ ಸ್ವಲ್ಪ ನೋಡ್ರಿ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಗರ್ಭಿಣಿಗೆ ಕನಿಷ್ಠ 6,000 ಕೊಡಬೇಕು. 2017ರಲ್ಲಿ ಬಂದ ಯೋಜನೆ ಕೊಟ್ಟಿದ್ದು 5,000, ಅದೂ ಮೊದಲ ಕೂಸಿಗೆ ಮಾತ್ರ. ಆಸ್ಪತ್ರೆ ಹೆರಿಗೆಗೆ ಸಿಗುವ ಜನನಿ ಸುರಕ್ಷಾ ಹಣ ಕೂಡಿಸಿದರೆ ಸರಾಸರಿ 6,000 ಆಗುತ್ತೆ ಅಂದರು. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಆ 5,000 ಅಂದರೆ ಹದಿಮೂರೂವರೆ ದಿನದ ಕೂಲಿ. ಪಗಾರದಾಕಿಗೆ ಸಿಗುವ 26 ವಾರ, ಅಂದರೆ 182 ದಿನ, ಇದೇ ಕೂಲಿಯಂತೆ ಲೆಕ್ಕ ಹಾಕಿದರೆ 67,340 ರೂಪಾಯಿ. ಒಬ್ಬಳ ಹೆರಿಗೆಗೆ 182 ದಿನ, ಇನ್ನೊಬ್ಬಳ ಹೆರಿಗೆಗೆ ಹದಿಮೂರೂವರೆ ದಿನ. ಹಡೆಯೋ ನೋವಿನಾಗ ಏನರ ಫರಕ್ ಐತೇನು?

ಇನ್ನೊಂದು ಮಾತು ಹೇಳಲೇಬೇಕು. ಮಾತೃ ವಂದನಾ ಅರ್ಜಿಯಲ್ಲಿ ಮೊದಲು ಗಂಡನ ಆಧಾರ್ ಕೇಳುತ್ತಿದ್ದರು. ದೇವದಾಸಿ ತಾಯಂದಿರ, ಅವರ ಹೆಣ್ಮಕ್ಕಳ, ಗಂಡ ಬಿಟ್ಟವರ ಕಥೆ ಏನಾಗಬೇಕು? ಮುತ್ತು ಕಟ್ಟೋದನ್ನ 1982ರ ಕಾಯ್ದೆಯಲ್ಲಿ ನಿಷೇಧಿಸಿದ ರಾಜ್ಯದಲ್ಲೇ, ಕೂಸಿಗೆ ಅಪ್ಪ ಯಾರು ಅಂತ ಅರ್ಜಿ ಫಾರ್ಮು ಕೇಳುತ್ತಿತ್ತು. 2022ರ ಹೊಸ ನಿಯಮದಲ್ಲಿ ಗಂಡನ ಆಧಾರ್ ಕಡ್ಡಾಯ ಅಲ್ಲ. ಯಾರಾದರೂ ಇನ್ನೂ ಕೇಳಿದರೆ ಈ ಮಾತು ಹೇಳ್ರಿ, ಕೇಳದಿದ್ದರೆ ನಮಗೆ ತಿಳಿಸ್ರಿ, ಜೊತೆಗೆ ಬರ್ತೀವಿ.

ಗೃಹಲಕ್ಷ್ಮಿಯ 2,000 ಬರುತ್ತಲ್ಲ ಅಂತ ಕೆಲವರು ಅಂತಾರೆ. ಬರುತ್ತೆ, ಒಳ್ಳೇದು. ಆದರೆ ಅದು ರೇಶನ್ ಕಾರ್ಡಿನ ಯಜಮಾನಿಗೆ. ಕೂಡಿದ ಮನೆಯಲ್ಲಿ ಯಜಮಾನಿ ಅತ್ತೆ, ಹಡೆದವಳು ಸೊಸೆ.

ಹಂಗಾದರೆ ಏನು ಕೇಳಬೇಕು? 1928ರ ಮಾತನ್ನೇ ಕೇಳಬೇಕು: ತಾಯಿಯ ವಿಶ್ರಾಂತಿಯ ಖರ್ಚಿನ ದೊಡ್ಡ ಪಾಲು ಸರ್ಕಾರದ್ದು, ಲಾಭ ತಗೊಳ್ಳೋ ಮಾಲೀಕನದೂ ಪಾಲು ಐತಿ. ಮಗ್ಗದ ಮನೆಯವಳಿಗೆ, ಹೊಲದವಳಿಗೆ ಕನಿಷ್ಠ ಕೂಲಿಯ ಲೆಕ್ಕದಲ್ಲಿ 26 ವಾರದ ಹಣ ಬೇಕು. ಹೊರಗುತ್ತಿಗೆ ಬಿಲ್ ಪಾಸ್ ಮಾಡುವ ಮೊದಲು ಹೆರಿಗೆ ಸೌಲಭ್ಯ ಕೊಟ್ಟ ದಾಖಲೆ ಕೇಳಬೇಕು. 2023ರಲ್ಲಿ ಗ್ರಾಮ ಪಂಚಾಯಿತಿಗಳಿಗೆ ತಂದ ಕೂಸಿನ ಮನೆ ಪ್ರತಿ ಊರಲ್ಲೂ, ಇಳಕಲ್ ಗುಳೇದಗುಡ್ಡದ ನೇಕಾರ ಓಣಿಗಳಲ್ಲೂ ನಡೆಯಬೇಕು. ಕೂಸು ನೋಡುವ ಜಾಗ ಇದ್ದರೆ ಅರ್ಧ ಮಂದಿ ಕೆಲಸ ಬಿಡೋದೇ ಇಲ್ಲ.

ಮುಂದಿನ ಗ್ರಾಮಸಭೆಗೆ, ವಾರ್ಡ್ ಸಭೆಗೆ ಹೋಗುವಾಗ ರಸ್ತೆ ಚರಂಡಿ ಜೊತೆಗೆ ಈ ಪ್ರಶ್ನೆನೂ ಬರಕೊಂಡು ಹೋಗ್ರಿ: ನಮ್ಮ ಊರಲ್ಲಿ ಈ ವರ್ಷ ಹಡೆದವರು ಎಷ್ಟು ಮಂದಿ, ಹಣ ಮುಟ್ಟಿದ್ದು ಎಷ್ಟು ಮಂದಿಗೆ? ಉತ್ತರ ಬಾಯಿಮಾತಿನಲ್ಲಿ ಬ್ಯಾಡ, ನಡಾವಳಿ ಪುಸ್ತಕದಲ್ಲಿ ಬರೆಸ್ರಿ.

ಜೈ ಭೀಮ್. ಜೈ ಸಾವಿತ್ರಿ.