ಬಿಸಿಲಲ್ಲಿ ಹರಿಯುವ ಮಳೆಚರಂಡಿ

ಮಳೆಗಾಲದಲ್ಲಿ ಚರಂಡಿ ಹರಿದರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ನಮ್ಮ ದೇವರಾಜ ಅರಸು ಬಡಾವಣೆಯಲ್ಲಿ ಏಪ್ರಿಲ್ ಬಿಸಿಲಿಗೂ ಮಳೆನೀರಿನ ಚರಂಡಿ ಹರಿದರೆ? ನಲ್ಲಿ ಕೊಳವೆ ಒಡೆದಿರಬೇಕು, ಇಲ್ಲವೇ ಯಾರೋ ಗುಟ್ಟಾಗಿ ಕೊಳಚೆ ಬಿಟ್ಟಿರಬೇಕು ಎಂದು ಮಕ್ಕಳಿಗೆ ಹೇಳುತ್ತೇನೆ. ಹರಿವಿಗೆ ಎದುರಾಗಿ ನಡೆದರೆ, ಅದು ಎಲ್ಲಿಂದ ಮೊದಲಾಗುತ್ತದೋ ಅಲ್ಲೇ ಕಳ್ಳಕೊಳವೆ. ಅನುಮಾನವಿದ್ದರೆ ಬಚ್ಚಲಿಗೆ ಬಣ್ಣದ ನೀರು ಸುರಿದು ಚರಂಡಿಯಲ್ಲಿ ಕಾಯುವುದೂ ಉಂಟು.

ಜಲಮಾಲಿನ್ಯ ತಡೆಯುವ ಕಾಯ್ದೆ 1974ರಲ್ಲೇ ಬಂತು. ಆದರೂ 1980ರ ದಶಕದಲ್ಲಿ ಹರಿಹರದ ಬಳಿ ಕಾರ್ಖಾನೆಯ ತ್ಯಾಜ್ಯ ಸೇರಿ ತುಂಗಭದ್ರೆಯ ಮೀನುಗಳು ಸತ್ತು ತೇಲಿದವು. ಮೊದಲು ಕಂಗೆಟ್ಟವರು ಬಲೆ ಬೀಸಿ ಬದುಕುವ ಬೆಸ್ತರು, ಹೊಳೆನೀರನ್ನೇ ನೆಚ್ಚಿದ ಹಳ್ಳಿಯವರು. ಅವರ ಕೂಗಿಗೆ ಸಮಾಜ ಪರಿವರ್ತನ ಸಮುದಾಯ ದನಿಗೂಡಿಸಿದ ಮೇಲೆ ಹೊಳೆಯ ಸುದ್ದಿ ನಾಡಿಗೆಲ್ಲ ತಿಳಿಯಿತು.

ಬೆಂಗಳೂರಿನಲ್ಲೂ ಮಳೆನೀರಿಗೆಂದಿದ್ದ ರಾಜಕಾಲುವೆಗಳು ಕೊಳಚೆ ಹೊತ್ತವು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿತು, ಬೆಂಕಿಯೂ ಕಾಣಿಸಿತು.

ಕಾಯ್ದೆಗೆ ಕಣ್ಣಿಲ್ಲ, ದಡದಲ್ಲಿದ್ದವರೇ ಅದಕ್ಕೆ ಕಣ್ಣಾಗಬೇಕಾಯಿತು. ಬೀದಿಯ ಚರಂಡಿಗೆ ದಡದವರೆಂದರೆ ಬೆಳಗ್ಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುವ ನಾವೇ. ನಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂದು ಮನೆ ಕಟ್ಟಿದ ಮೇಸ್ತ್ರಿಯನ್ನು ಒಮ್ಮೆ ಕೇಳಿ ನೋಡಿ.